ಬೀರುವಿನ ಹಿಂದಿನ ಇತಿಹಾಸ

ಪಠ್ಯಪುಸ್ತಕ ಪರಿಷ್ಕರಣ ಸಮಿತಿಯ ಘನ ಅಧ್ಯಕ್ಷರಿಗೆ, ಊರವರೆಲ್ಲ ಓದಲೆಂದು ಬರೆದದ್ದು

ಮಾನ್ಯರೇ,

ಕಳೆದ ಮಂಗಳವಾರ ಬೆಳಿಗ್ಗೆ, ಎರಡನೆಯ ಪೀರಿಯಡ್ಡಿನ ನಡುವೆ, ನಮ್ಮ ಬೀದಿಯ ಸರ್ಕಾರಿ ಶಾಲೆಯ ಏಳನೆಯ ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದ ಇತಿಹಾಸದ ಶಿಕ್ಷಕಿಯೊಬ್ಬಳನ್ನು ತಮ್ಮ ಇಲಾಖೆ ಮಕ್ಕಳ ಕಣ್ಣೆದುರಿಗೇ ಪಾಠ ನಿಲ್ಲಿಸಿ ಮನೆಗೆ ಕಳುಹಿಸಿತು. ಸಂಜೆಯೊಳಗೆ ಅಮಾನತಿನ ಆದೇಶವೂ ಕೈಸೇರಿತು. ಅದರಲ್ಲಿ ನಮೂದಾಗಿರುವ ಮೊದಲನೆಯ ಅಪರಾಧವೆಂದರೆ, ಸರ್ಕಾರಿ ಬೀರುವೊಂದನ್ನು ಮೇಲಧಿಕಾರಿಗಳ ಅನುಮತಿಯಿಲ್ಲದೆ ಅದರ ಸ್ಥಳದಿಂದ ಸರಿಸಿದ್ದು. ಕಳ್ಳರು ಬೀರುವನ್ನು ಹೊತ್ತುಕೊಂಡೇ ಹೋದಾಗಲೂ ಇಷ್ಟು ಚುರುಕಾಗಿ ಎದ್ದುನಿಂತ ಇಲಾಖೆಯನ್ನು ನನ್ನ ಆಯುಷ್ಯದಲ್ಲಿ ಕಂಡವಳಲ್ಲ. ಆದ್ದರಿಂದ ಮೊಟ್ಟಮೊದಲಿಗೆ ತಮಗೆ ಅಭಿನಂದನೆಗಳು.

ಆಮೇಲೆ ಕುಶಲಪ್ರಶ್ನೆ. ತಾವೂ ತಮ್ಮ ಸಮಿತಿಯ ವಿದ್ವಾಂಸರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಇಷ್ಟೊಂದು ಶತಮಾನಗಳನ್ನು ಒಂದೇ ಬೇಸಿಗೆ ರಜೆಯಲ್ಲಿ ಒಗೆದು, ಹಿಂಡಿ, ಒಣಹಾಕಿದವರಿಗೆ ಸೊಂಟ ಹಿಡಿದುಕೊಳ್ಳದಿದ್ದರೆ ಅದೇ ದೊಡ್ಡದು. ಪತ್ರವನ್ನು ‘ಪೂಜ್ಯರೇ’ ಎಂದು ಶುರುಮಾಡುವ ಆಸೆ ನನಗಿತ್ತು. ಆ ಪದಕ್ಕೂ, ಕೆಲವು ಪದಗಳನ್ನು ನಿಷೇಧಿಸಿದ ತಮ್ಮ ಹೊಸ ಸುತ್ತೋಲೆಗೂ ಆಗಿಬರುವುದಿಲ್ಲವೆಂದು ನೆನಪಾಗಿ ಕೈತಡೆದೆ.

ನಾನು ಯಾರೆಂಬುದನ್ನು ಮುಚ್ಚಿಡುವುದಿಲ್ಲ. ಆ ಶಿಕ್ಷಕಿ ನನ್ನ ಸೊಸೆ. ಅತ್ತೆಯೊಬ್ಬಳು ಸೊಸೆಯ ಪರವಾಗಿ ಪತ್ರಿಕೆಗೆ ಬರೆಯುವ ಕಾಲ ಬಂತೆಂದರೆ ತಮ್ಮ ಸಮಿತಿಯ ಸಾಧನೆ ಎಂಥದೆಂದು ಓದುಗರೇ ಅಳೆದುಕೊಳ್ಳಲಿ. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಯಾವ ಕಪಾಟಿನಲ್ಲಿರಬೇಕೆಂಬ ವಿಷಯದಲ್ಲೇ ನನಗೂ ಅವಳಿಗೂ ಇನ್ನೂ ರಾಜಿಯಾಗಿಲ್ಲ. ಉದ್ಯೋಗದಲ್ಲಿ ನಾನು ಸರ್ಕಾರಿ ಕಚೇರಿಯ ಶೀಘ್ರಲಿಪಿಗಾರ್ತಿಯಾಗಿದ್ದವಳು. ಬಂದ ಸರ್ಕಾರ, ಹೋದ ಸರ್ಕಾರ ಎಲ್ಲದರ ಸುತ್ತೋಲೆಗಳೂ ಈ ಬೆರಳುಗಳಿಂದಲೇ ಹೊರಟಿವೆ. ಹಾಗಾಗಿ ತಮ್ಮ ಸುತ್ತೋಲೆಯನ್ನು ನಾನು ಬೇರೆಯವರಂತೆ ಓದಲಿಲ್ಲ. ಹಳೇ ಬಾಣಸಿಗ ಬೇರೊಬ್ಬರ ಮದುವೆಯ ಪಂಕ್ತಿಯಲ್ಲಿ ಕುಳಿತು ಉಣ್ಣುವಂತೆ, ತುತ್ತು ತುತ್ತಿಗೂ ತಲೆದೂಗುತ್ತ ಓದಿದೆ.

ಆ ರುಚಿ ಉಳಿದವರಿಗೂ ಸಿಗಲೆಂದು ಸಾರಾಂಶ ಹೇಳಿಬಿಡುತ್ತೇನೆ. ಇತಿಹಾಸದ ಪಾಠದಲ್ಲಿ ಧರ್ಮದ ಮಾತು ಬಂದಾಗಲೆಲ್ಲ ಯಾರಿಗಾದರೂ ನೋವಾಗುತ್ತದೆ; ಯಾರಿಗೂ ನೋವಾಗಬಾರದು; ಆದಕಾರಣ ಇತಿಹಾಸದ ಪಾಠಗಳಲ್ಲಿ ಹಾಗೂ ಆ ಪಾಠಗಳಿಗೆ ಸಂಬಂಧಪಟ್ಟ ಸಕಲ ಪತ್ರವ್ಯವಹಾರಗಳಲ್ಲಿ ಧರ್ಮ, ದೇವರು, ಪೂಜೆ, ಪ್ರಾರ್ಥನೆ ಮುಂತಾದ ಪದಗಳನ್ನು ಬಳಸತಕ್ಕದ್ದಲ್ಲ; ಅವು ಬರುವಲ್ಲೆಲ್ಲ ‘ಇತರ ಕಾರಣಗಳು’ ಎಂದು ಓದಿಕೊಳ್ಳತಕ್ಕದ್ದು. ಹೊಸ ಪುಸ್ತಕ ಅಚ್ಚುಹಾಕಿಸಲು ಪುರಸೊತ್ತಿಲ್ಲದ್ದರಿಂದ, ‘ಇತರ ಕಾರಣಗಳು’ ಎಂದು ಮುದ್ರಿಸಿದ ಬಿಳಿಯ ಚೀಟಿಗಳು ಕಟ್ಟುಗಟ್ಟಲೆ ಶಾಲೆಗಳಿಗೆ ಬಂದಿಳಿದವು. ಹೆಡ್‌ಮಾಸ್ಟರು, ಗಣಿತದ ಮೇಷ್ಟ್ರು, ಡ್ರಿಲ್ ಮೇಷ್ಟ್ರು, ನನ್ನ ಸೊಸೆ ಎಲ್ಲರೂ ಸ್ಟಾಫ್ ರೂಮಿನ ಮೇಜಿನ ಸುತ್ತ ಕುಳಿತು, ಮೈದಾಹಿಟ್ಟಿನ ಅಂಟು ಕಾಯಿಸಿಕೊಂಡು, ಬಚ್ಚಿಡಬೇಕಾದ ಪದಗಳನ್ನು ಹುಡುಕಿ ಹುಡುಕಿ ಚೀಟಿ ಅಂಟಿಸಿದರು. ಎಲ್ಲರಿಗಿಂತ ಉತ್ಸಾಹ ಡ್ರಿಲ್ ಮೇಷ್ಟ್ರಿಗಂತೆ. “ಇತಿಹಾಸದಲ್ಲಿ ನನ್ನದೂ ಒಂದು ಕೈ ಇರಲಿ ಬಿಡಿ ಮೇಡಂ” ಎಂದು ಅವರು, ಇಷ್ಟು ವರ್ಷದಲ್ಲಿ ಒಮ್ಮೆಯೂ ತೆರೆದು ನೋಡದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಅಂದು ಓದಿದರು.

ಇದರ ಫಲಿತಾಂಶವನ್ನು ತಾವು ಖುದ್ದಾಗಿ ಬಂದು ನೋಡಬೇಕಿತ್ತು. ಮೊದಲನೆಯದಾಗಿ, ಮೈದಾ ಅಂಟಿನ ರುಚಿ ಹತ್ತಿದ ಇರುವೆಗಳು ಸಾಲುಗಟ್ಟಿ ಬಂದು, ಈ ಧರ್ಮ ಆ ಧರ್ಮ ಎಂದು ನೋಡದೆ, ಎಲ್ಲರ ಪುಟಗಳನ್ನೂ ಸಮನಾಗಿ ತಿಂದವು. ಸಮಭಾವದ ವಿಷಯದಲ್ಲಿ ತಮ್ಮ ಸಮಿತಿಯನ್ನು ಮೀರಿಸಿದವರು ಯಾರಾದರೂ ಇದ್ದರೆ ಅವೇ. ಎರಡನೆಯದಾಗಿ, ಚೀಟಿ ಬಹಳ ತೆಳು. ಪುಟವನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದರೆ ಅಡಿಯ ಪದ ನೀರೊಳಗಿನ ಮೀನಿನಂತೆ ತೇಲಿಬರುತ್ತದೆ. ಇದನ್ನು ಕಂಡುಹಿಡಿದ ದಿನದಿಂದ ಇಡೀ ತರಗತಿ ಇತಿಹಾಸದ ಪುಸ್ತಕವನ್ನು ತಲೆಯ ಮೇಲೆತ್ತಿ ಓದತೊಡಗಿದೆ. ಮಕ್ಕಳು ಪಠ್ಯಪುಸ್ತಕವನ್ನು ಮನಸ್ಸಿಟ್ಟು ಓದಬೇಕೆಂದು ಎಷ್ಟು ಆಯೋಗಗಳು ಎಷ್ಟು ವರದಿ ಕೊಟ್ಟು ಸೋತಿಲ್ಲ! ಓದಲೇಬೇಕಾದ ಪದ ಯಾವುದೆಂದು ಬಿಳಿ ಚೀಟಿ ಅಂಟಿಸಿ ತೋರಿಸಿಕೊಟ್ಟ ಮೊದಲಿಗರು ತಾವೇ.

ಇನ್ನು ಪಾಠದ ಸೊಬಗು. ನಮ್ಮ ಊರಿನ ಹಳೆಯ ಅರಸರಿಬ್ಬರ ಅಧ್ಯಾಯವನ್ನೇ ತೆಗೆದುಕೊಳ್ಳಿ. ಚೀಟಿ ಅಂಟಿಸಿದ ಮೇಲೆ ಅದು ಹೀಗೆ ಓದಿಸಿಕೊಳ್ಳುತ್ತದೆ: “ಹಿರಿಯ ಅರಸನು ಇತರ ಕಾರಣಗಳಿಗಾಗಿ ಅನೇಕ ಕಂಬಗಳುಳ್ಳ ದೊಡ್ಡ ಕಟ್ಟಡವನ್ನು ಕಟ್ಟಿಸಿದನು. ಕಿರಿಯ ಅರಸನು ಇತರ ಕಾರಣಗಳಿಂದ ಅಣ್ಣನ ಮೇಲೆ ದಂಡೆತ್ತಿ ಬಂದನು. ಬಹಳ ಜನ ಸತ್ತರು. ಮುಂದೆ ಇತರ ಕಾರಣಗಳಿಂದ ಶಾಂತಿ ನೆಲೆಸಿತು.” ಸೊಸೆ ಕಿರುಪರೀಕ್ಷೆಯಲ್ಲಿ ‘ಯುದ್ಧಕ್ಕೆ ಕಾರಣವೇನಿರಬಹುದು?’ ಎಂದು ಕೇಳಿದ್ದಳು. ಉತ್ತರಪತ್ರಿಕೆಗಳನ್ನು ಮನೆಗೆ ತಂದಾಗ ನಾನೂ ಕನ್ನಡಕ ಹಾಕಿಕೊಂಡು ಕುಳಿತೆ. ಮನೆ ಪಾಲಿನ ಜಗಳ ಎಂದು ಬರೆದವರು ಹಲವರು. ವಾರಗಿತ್ತಿಯರಿಗೆ ಆಗಿಬರುತ್ತಿರಲಿಲ್ಲ ಎಂದು ಬರೆದವಳೊಬ್ಬಳು. ಅವಳದು ಕೂಡುಕುಟುಂಬ, ಪಾಪ. ‘ಇಷ್ಟೊಂದು ಕಂಬ ಯಾಕೆ, ಓಡಾಡೋಕೆ ಜಾಗ ಇಲ್ಲ ಅಂತ ತಮ್ಮನಿಗೆ ಸಿಟ್ಟು ಬಂತು’ ಎಂದು ಬರೆದವನಿಗೆ ಸೊಸೆ ಅರ್ಧ ಅಂಕ ಕೊಟ್ಟಳು, ಕಟ್ಟಡವನ್ನು ಕಣ್ಣಾರೆ ನೋಡಿದ್ದಾನೆ ಎಂಬ ಕಾರಣಕ್ಕೆ.

ನೋಡದೆ ಇರುವುದಾದರೂ ಹೇಗೆ? ಆ ಕಟ್ಟಡ ಶಾಲೆಯ ಎದುರಿಗೇ ಇದೆ. ಅದಕ್ಕೆ ನಾವು ‘ಕಂಬದ ಮನೆ’ ಎನ್ನುತ್ತೇವೆ. ಏಳನೆಯ ತರಗತಿಯ ಕಿಟಕಿ ಸರಿಯಾಗಿ ಅದರತ್ತ ತೆರೆಯುತ್ತದೆ. ಬೆಳಿಗ್ಗೆ ಅಲ್ಲಿಂದ ಗಂಟೆಯ ಸದ್ದು ಬಂದರೆ ಮಕ್ಕಳಿಗೆ ಮೊದಲನೆಯ ಪೀರಿಯಡ್ಡು. ಸಂಜೆ ಇನ್ನೊಂದು ಬಗೆಯ ಹಾಡು ಕೇಳಿದರೆ ಮನೆಗೆ ಹೋಗುವ ಹೊತ್ತು. ಕಿಟಕಿಯಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಒಂದು ದೊಡ್ಡ ಕಮಾನುಬಾಗಿಲು, ಬೇರೆ ಬಣ್ಣದ ಕಲ್ಲುಗಳಿಂದ ಪೂರ್ತಿ ಮುಚ್ಚಿಹೋದದ್ದು. ಅದರ ಪಕ್ಕದ ಗೋಡೆಯಲ್ಲಿ, ಬೇರೊಂದು ದಿಕ್ಕಿಗೆ ಮುಖಮಾಡಿ, ಈಗ ಬಳಕೆಯಲ್ಲಿರುವ ಬಾಗಿಲು. ಪುಸ್ತಕಕ್ಕೆ ಚೀಟಿ ಅಂಟಿಸಬಹುದು, ಕಲ್ಲಿಗೆ ಅಂಟಿಸುವುದು ಹೇಗೆ ಎಂಬ ಸಮಸ್ಯೆಯನ್ನು ತಮ್ಮ ಇಲಾಖೆ ಎಷ್ಟು ಜಾಣತನದಿಂದ ಬಿಡಿಸಿತೆಂದರೆ, ಸ್ಟೋರ್ ರೂಮಿನಲ್ಲಿ ತುಕ್ಕು ಹಿಡಿಯುತ್ತಿದ್ದ ಕಬ್ಬಿಣದ ಬೀರುವೊಂದನ್ನು ತರಿಸಿ ಕಿಟಕಿಗೆ ಅಡ್ಡ ನಿಲ್ಲಿಸಿತು. ಬೀರುವಿನೊಳಗೆ ಏನಿದೆ ಎಂದು ತಾವು ಕೇಳಬಹುದು. ಏನೂ ಇಲ್ಲ. ಬೀಗದ ಕೈ ಕಳೆದು ಎಷ್ಟೋ ಕಾಲವಾಗಿದೆ. ಏನನ್ನೂ ಇಡದೆ, ಏನನ್ನೂ ಕೊಡದೆ, ಬೆಳಕಿಗೆ ಅಡ್ಡ ನಿಲ್ಲುವುದಕ್ಕಷ್ಟೇ ನೇಮಕಗೊಂಡ ಅದನ್ನು ನೋಡಿದಾಗ ನನಗೆ ನನ್ನ ಸರ್ವಿಸ್ಸಿನಲ್ಲಿ ಕಂಡ ಕೆಲವು ಹಿರಿಯ ಅಧಿಕಾರಿಗಳ ನೆನಪಾಗಿ ಕಣ್ಣು ತೇವವಾಯಿತು.

ಇಷ್ಟೆಲ್ಲ ಮುನ್ನೆಚ್ಚರಿಕೆಯನ್ನೂ ಕೆಡಿಸಿದ್ದು ಒಂದು ಹುಡುಗಿ. ಆ ತರಗತಿಯಲ್ಲಿ ಅವಳನ್ನು ಎಲ್ಲರೂ ‘ಯಾಕಮ್ಮ’ ಎನ್ನುತ್ತಾರೆ. ಹೋಂವರ್ಕ್ ಕೊಟ್ಟರೆ ಯಾಕೆ, ಕೊಡದಿದ್ದರೆ ಯಾಕೆ. ಮಂಗಳವಾರ ಸೊಸೆ ಅರಸರ ಪಾಠ ಮಾಡುತ್ತಿದ್ದಾಗ ಅವಳು ಎದ್ದುನಿಂತಳು.

“ಮಿಸ್, ಕಂಬದ ಮನೆ ದೊಡ್ಡ ಬಾಗಿಲನ್ನ ಯಾಕೆ ಮುಚ್ಚಿಬಿಟ್ಟಿದ್ದಾರೆ?”

ತಮ್ಮ ಸುತ್ತೋಲೆಯ ಪ್ರಕಾರ ಇದಕ್ಕೆ ಉತ್ತರ ‘ಇತರ ಕಾರಣಗಳಿಗಾಗಿ’. ಸೊಸೆ ಅದನ್ನೇ ಹೇಳಿದಳು. ಆಕೆ ಸುತ್ತೋಲೆಗೆ ಬೆನ್ನು ತಿರುಗಿಸಿದವಳಲ್ಲ. ಯಾಕಮ್ಮ ಕೂರಲಿಲ್ಲ. “ಇತರ ಅಂದ್ರೆ ಯಾವ್ದು ಮಿಸ್? ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ನಾವೇನೂ ಅಂದ್ಕೊಳಲ್ಲ” ಎಂದಳು. ಮಾನ್ಯರೇ, ಓದಿ ಪಾಸಾಗಿ, ನಲವತ್ತು ಮಕ್ಕಳ ಎದುರು ನಿಂತ ಒಬ್ಬ ಶಿಕ್ಷಕಿಗೆ ಹನ್ನೆರಡು ವರ್ಷದ ಮಗುವೊಂದು ಕನಿಕರ ತೋರಿಸಿದರೆ ಹೇಗಿರುತ್ತದೆಂದು ತಾವು ಊಹಿಸಬಲ್ಲಿರಿ. ಸೊಸೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನ ಬೆಂಚಿನ ನಾಲ್ವರನ್ನು ಕರೆದು, “ಬನ್ರೋ, ಒಂದು ಕೈ ಹಾಕಿ” ಎಂದು ಬೀರುವನ್ನು ಪಕ್ಕಕ್ಕೆ ತಳ್ಳಿದಳು. ಬೆಳಕು ಒಳಗೆ ಬಂತು. ಬೀರುವಿನ ಹಿಂದೆ ಸಂಸಾರ ಹೂಡಿದ್ದ ಹಲ್ಲಿಯೊಂದು ಹೊರಗೆ ಹೋಯಿತು. ಆಮೇಲೆ ಅವಳು ಹೇಳಿದ್ದು ಇಷ್ಟು.

ಹಿರಿಯ ಅರಸ ತನ್ನ ಧರ್ಮದ ಪ್ರಾರ್ಥನೆಗೆಂದು ಆ ಮನೆ ಕಟ್ಟಿಸಿದ. ಕಿರಿಯವನು ಬೇರೊಬ್ಬ ಗುರುವಿನ ಮಾತಿಗೆ ಒಲಿದು ಬೇರೆ ಧರ್ಮ ಹಿಡಿದ. ನಂಬಿಕೆಯ ಬಿಸಿಯೂ ಇತ್ತು, ಸಿಂಹಾಸನದ ಆಸೆಯೂ ಇತ್ತು. ಯಾವುದು ಎಷ್ಟೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ. ಗೆದ್ದ, ಕೆತ್ತನೆಗಳನ್ನು ಒಡೆಸಿದ, ಅಣ್ಣನ ಬಾಗಿಲನ್ನು ಮುಚ್ಚಿಸಿ ತನ್ನ ದೇವರ ದಿಕ್ಕಿಗೆ ಬೇರೆ ಬಾಗಿಲು ತೆರೆಸಿದ. ಸೋತವರಿಗೆ ಅದು ಮಾಯದ ಗಾಯವಾಯಿತು. ಒಂದೆರಡು ತಲೆಮಾರು ಆ ಬೀದಿಯಲ್ಲಿ ಇವರ ನೆರಳು ಅವರ ಮೇಲೆ ಬೀಳಲಿಲ್ಲ. ಆಮೇಲೆ ಊರಿಗೆ ಒಂದು ಮಹಾ ಬೇನೆ ಬಂತು. ಸಿಹಿನೀರಿನ ಬಾವಿ ಇದ್ದದ್ದು ಕಂಬದ ಮನೆಯ ಅಂಗಳದಲ್ಲಿ ಮಾತ್ರ. ಎರಡೂ ಕಡೆಯವರು ರೋಗಿಗಳನ್ನು ಅಲ್ಲಿಗೇ ಹೊತ್ತು ತಂದರು, ಒಂದೇ ಹಗ್ಗದಲ್ಲಿ ನೀರು ಸೇದಿದರು. ಬೇನೆ ಇಳಿದ ಮೇಲೆ ಎರಡೂ ಕಡೆಯ ಹಿರಿಯರು ಬಾವಿಕಟ್ಟೆಯ ಮೇಲೆ ಕುಳಿತು, ನಿಮ್ಮ ದೇವರು ಕೊಟ್ಟ ನೀರನ್ನು ನಮ್ಮ ದೇವರು ಬೇಡವೆನ್ನುವುದಿಲ್ಲ, ನಮ್ಮ ದೇವರು ಕೊಟ್ಟದ್ದನ್ನು ನಿಮ್ಮ ದೇವರೂ ಬೇಡವೆನ್ನುವುದಿಲ್ಲ ಎಂದು ಮಾತಾಡಿಕೊಂಡು, ಕಂಬದ ಮನೆ ಬೆಳಿಗ್ಗೆ ಒಬ್ಬರಿಗೆ, ಸಂಜೆ ಇನ್ನೊಬ್ಬರಿಗೆ ಎಂದು ಒಪ್ಪಿದರು. ಇಂದಿಗೂ ಹಾಗೆಯೇ ನಡೆದಿದೆ. ಎರಡೂ ಕಡೆಗೂ ಕಸ ಗುಡಿಸುವ ಕಾವಲುಗಾರ ಒಬ್ಬನೇ. ಅವನು ತಮಗಿಂತ ಅವರಿಗೆ ಚೆನ್ನಾಗಿ ಗುಡಿಸುತ್ತಾನೆಂದು ಎರಡೂ ಕಡೆಯವರು ದೂರುತ್ತಾರೆ, ಆ ಒಂದು ಮಾತಿನಲ್ಲಿ ಪೂರ್ತಿ ಒಮ್ಮತವಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ಮಿಸ್, ಇದ್ರಲ್ಲಿ ನಮ್ಮೋರು ಯಾರು?” ಎಂದು ಕೇಳಿದ. “ನಿಮ್ಮೋರು ಇಲ್ಲೇ ಕೂತಿದ್ದಾರಲ್ಲೋ, ನಲವತ್ತು ಜನ. ಅವರೆಲ್ಲ ಸತ್ತೋರು” ಎಂದಳು ನನ್ನ ಸೊಸೆ. ಈ ಮಾತನ್ನು ಅವಳಿಗೆ ಯಾವ ತರಬೇತಿ ಶಿಬಿರದಲ್ಲಿ ಕಲಿಸಿದಿರೆಂದು ತಿಳಿಸಿದರೆ ಅಲ್ಲಿಗೊಂದು ಹೂವಿನ ಹಾರ ಕಳುಹಿಸುತ್ತೇನೆ.

ಅಷ್ಟು ಹೊತ್ತಿಗೆ, ಚೀಟಿಗಳು ಸರಿಯಾಗಿ ಅಂಟಿವೆಯೇ ಎಂದು ಉಗುರಿನಿಂದ ಕೆರೆದು ನೋಡುತ್ತ ಶಾಲೆ ಶಾಲೆ ತಿರುಗುತ್ತಿದ್ದ ತಮ್ಮ ಪರಿವೀಕ್ಷಕರು ಬಾಗಿಲಲ್ಲಿ ನಿಂತಿದ್ದರು. ಅವರು ಕೇಳಿದ ಮೊದಲನೆಯ ಪ್ರಶ್ನೆ, “ಏನ್ ಮೇಡಂ, ಬೀರು ಯಾಕೆ ಇಲ್ಲಿಗೆ ಬಂತು?” ಎಂಬುದು. ಪಾಠ ಏನು ನಡೆಯುತ್ತಿದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅವರಿಗೂ ಸ್ವಲ್ಪ ಇತಿಹಾಸ ತಿಳಿಯುತ್ತಿತ್ತು.

ಮಾನ್ಯರೇ, ತಮ್ಮ ಭಯ ನನಗೆ ಅರ್ಥವಾಗದ್ದಲ್ಲ. ವಯಸ್ಸಾದವಳು, ನೆನಪು ಗಟ್ಟಿಯಿದೆ. ನಾನು ಓದಿದ ಪುಸ್ತಕದಲ್ಲಿ ಇದೇ ಕಿರಿಯ ಅರಸ ರಾಕ್ಷಸನಾಗಿದ್ದ. ಚಿತ್ರದಲ್ಲಿ ಅವನ ಕಣ್ಣಿಗೆ ಕೆಂಪು ಬಳಿದಿದ್ದರು. ಸರ್ಕಾರ ಬದಲಾಯಿತು, ನನ್ನ ತಮ್ಮನ ಪುಸ್ತಕ ಬರುವ ಹೊತ್ತಿಗೆ ಅದೇ ಅರಸ, ಅದೇ ಕುದುರೆ, ಆದರೆ ಕಣ್ಣು ತಣ್ಣಗಾಗಿ, ತಲೆಯ ಹಿಂದೆ ಒಂದು ಪ್ರಭೆ ಬಂದು, ಅಣ್ಣನೇ ದುರಾಸೆಯವನಾಗಿದ್ದ. ಒಂದೇ ಸೂರಿನಡಿ ಎರಡು ಪುಸ್ತಕ. ನಾನೂ ತಮ್ಮನೂ ಆ ಅರಸನಿಗಾಗಿ ಜಡೆ ಕಿತ್ತು, ಅಂಗಿ ಹರಿದು ಹೊಡೆದಾಡಿದಾಗ ನಮ್ಮಮ್ಮ ಮರದ ಸೌಟು ಹಿಡಿದು ಬಂದು, “ಸತ್ತೋನಿಗೋಸ್ಕರ ಬದುಕಿರೋರು ಯಾಕ್ರೋ ಸಾಯ್ತೀರಿ?” ಎಂದು ಇಬ್ಬರಿಗೂ ಒಂದೊಂದು ಕೊಟ್ಟಳು. ನನ್ನ ಮಗನ ಕಾಲಕ್ಕೆ ಅರಸರಿಬ್ಬರೂ ಮದುವೆ ಮನೆಯ ಫೋಟೋದಲ್ಲಿ ನಿಂತ ಬೀಗರಂತೆ ಹಲ್ಲುಕಿರಿಯುತ್ತ ಒಂದೇ ಚಿತ್ರದಲ್ಲಿ ನಿಂತಿದ್ದರು, ಯುದ್ಧವೇ ನಡೆದಿರಲಿಲ್ಲ. ಒಮ್ಮೆ ಬೈದು, ಒಮ್ಮೆ ಹೊಗಳಿ, ಒಮ್ಮೆ ರಾಜಿ ಮಾಡಿಸಿ ಸುಸ್ತಾದ ಮೇಲೆ, ಮಾತೇ ಬೇಡವೆಂದು ತಾವು ಬಾಯಿಗೆ ಚೀಟಿ ಅಂಟಿಸಿದ್ದೀರಿ. ಹಲ್ಲುನೋವಿಗೆ ತಲೆ ತೆಗೆದ ವೈದ್ಯನ ಹಾಗೆ.

ಪಾಠವನ್ನೇ ಪ್ರವಚನ ಮಾಡುವ ಮೇಷ್ಟ್ರುಗಳಿದ್ದಾರೆಂಬುದೂ ನಿಜ. ಇತಿಹಾಸದ ಪೀರಿಯಡ್ಡಿನಲ್ಲಿ ಮಕ್ಕಳನ್ನು ಎದ್ದು ನಿಲ್ಲಿಸಿ ‘ನೀನು ಯಾವ ಕಡೆಯವನು’ ಎಂದು ಕೇಳುವವರು ಸಿಕ್ಕರೆ ನೋಟಿಸನ್ನು ನಾನೇ ಟೈಪು ಮಾಡಿಕೊಡುತ್ತೇನೆ, ಕೂಲಿ ಬೇಡ. ಶಾಲೆ ಭಕ್ತಿ ಬೆಳೆಸುವ ಜಾಗವಲ್ಲ. ದೇವರಿದ್ದಾನೋ ಇಲ್ಲವೋ ಎಂದು ತೀರ್ಮಾನಿಸಲು ಶಾಲೆಯ ಗಂಟೆ ಕಾಯಬೇಕಾಗಿಲ್ಲ. ಆದರೆ ಜನ ಏನನ್ನು ನಂಬಿದ್ದರು, ಆ ನಂಬಿಕೆಗಾಗಿ ಏನು ಕಟ್ಟಿದರು, ಏನು ಕೆಡವಿದರು, ಯಾರನ್ನು ಕೊಂದರು, ಯಾರಿಗೆ ನೀರು ಕೊಟ್ಟರು ಎಂಬುದನ್ನು ಬಿಟ್ಟರೆ ಇತಿಹಾಸದಲ್ಲಿ ಉಳಿಯುವುದು ಇಸವಿಗಳು ಮತ್ತು ಕುದುರೆಗಳು. ತಮ್ಮ ಚೀಟಿಯ ದೊಡ್ಡ ಪವಾಡ (ಕ್ಷಮಿಸಿ, ದೊಡ್ಡ ಇತರ ಕಾರಣ) ಏನೆಂದರೆ, ಅದು ಗಾಯವನ್ನು ಮುಚ್ಚುವ ಭರದಲ್ಲಿ ಮಾಯ್ದ ಕಲೆಯನ್ನೂ ಮುಚ್ಚಿಬಿಟ್ಟಿತು. ಕಡಿದಾಡಿದ್ದೂ ಧರ್ಮದ ಹೆಸರಿನಲ್ಲೇ, ಬಾವಿಕಟ್ಟೆಯ ಮೇಲೆ ಕುಳಿತು ಒಪ್ಪಿದ್ದೂ ಧರ್ಮದ ಮಾತಿನಲ್ಲೇ. ಮೊದಲನೆಯದು ಮಕ್ಕಳಿಗೆ ಬೀದಿಯಲ್ಲಿ ಹೇಗೂ ಗೊತ್ತಾಗುತ್ತದೆ. ಹೇಳಿಕೊಡುವ ಉತ್ಸಾಹಿಗಳಿಗೆ ಬರವಿಲ್ಲ, ಅವರು ಚೀಟಿ ಅಂಟಿಸಿಕೊಂಡು ತಿರುಗುವುದಿಲ್ಲ. ಎರಡನೆಯದನ್ನು ಹೇಳಲು ಇದ್ದವಳು ನನ್ನ ಸೊಸೆಯೊಬ್ಬಳೇ. ಅವಳನ್ನು ತಾವು ಮನೆಗೆ ಕಳುಹಿಸಿದಿರಿ.

ಇನ್ನು ತಮ್ಮ ಪ್ರಾಥಮಿಕ ವಿಚಾರಣೆಯ ವಿಷಯ. ಸೊಸೆಯ ಜೊತೆ ನಾನೂ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಬಾಗಿಲ ಚಿಲಕ ಸರಿಯಿಲ್ಲದ್ದರಿಂದ ಎಲ್ಲವೂ ಕೇಳಿಸಿತು. ವಿಚಾರಣಾಧಿಕಾರಿಗಳು ಸಭ್ಯರು. “ಮಕ್ಕಳಿಗೆ ನೀವು ನಿಖರವಾಗಿ ಏನು ಹೇಳಿದಿರಿ ಮೇಡಂ?” ಎಂದು ಕೇಳಿದರು. ಸೊಸೆ, “ಎರಡು ಧರ್ಮದವರು…” ಎಂದಳೋ ಇಲ್ಲವೋ, “ಅಯ್ಯೋ, ಆ ಪದ ಬೇಡ ಮೇಡಂ, ಕಡತಕ್ಕೆ ಹೋಗುತ್ತೆ” ಎಂದು ಕೈಯೆತ್ತಿದರು. “ಮತ್ತೆ ಏನಂತ ಹೇಳಲಿ ಸರ್?” “ಸುತ್ತೋಲೆಯಲ್ಲಿ ಏನಿದೆಯೋ ಹಾಗೆ ಹೇಳಿ.” “ಯುದ್ಧಕ್ಕೆ ಇತರ ಕಾರಣಗಳಿದ್ದವು ಅಂತ ಹೇಳಿದೆ ಸರ್.” “ಸರಿಯಾಗೇ ಹೇಳಿದ್ದೀರಲ್ಲ!” ಎಂದರು ಅಧಿಕಾರಿಗಳು, ನಿಜಕ್ಕೂ ಸಂತೋಷದಿಂದ. ಬರೆದುಕೊಳ್ಳುತ್ತಿದ್ದ ಗುಮಾಸ್ತೆ ಪೆನ್ನು ಕಚ್ಚಿಕೊಂಡು, “ಸರ್, ಹಾಗಾದ್ರೆ ಆಪಾದನೆ ಏನಂತ ಬರೀಲಿ?” ಎಂದು ಕೇಳಿದಳು. ಶೀಘ್ರಲಿಪಿಯಲ್ಲಿ ಮೌನಕ್ಕೆ ಗುರುತಿಲ್ಲ. ಇದ್ದಿದ್ದರೆ ಆ ಕೋಣೆಯಲ್ಲಿ ಒಂದು ಪುಟ ತುಂಬುತ್ತಿತ್ತು. ಕೊನೆಗೆ ಅಧಿಕಾರಿಗಳು ನಿಟ್ಟುಸಿರು ಬಿಟ್ಟು, “ಬೀರು ಅಂತಲೇ ಬರಿಯಮ್ಮ” ಎಂದರು.

ಹೀಗೆ ಬೀರು ಎಂದು ಬರೆಯಲಾಗಿದೆ. ಬರುವ ಶುಕ್ರವಾರ ಅಂತಿಮ ವಿಚಾರಣೆ. ತಪ್ಪು ಸಾಬೀತಾದರೆ ಶಿಕ್ಷೆ ಏನೆಂಬುದನ್ನೂ ಅಧಿಕಾರಿಗಳು ಕರುಣೆಯಿಂದ ಮೊದಲೇ ತಿಳಿಸಿದರು: ಪಾಠ ಮಾಡುವ ಕೆಲಸದಿಂದ ಶಾಶ್ವತವಾಗಿ ತೆಗೆದು ಪಠ್ಯಪುಸ್ತಕ ಗೋದಾಮಿಗೆ ವರ್ಗ, ಮುಂದಿನ ವರ್ಷದ ಚೀಟಿ ಅಂಟಿಸುವ ಕೆಲಸದ ಉಸ್ತುವಾರಿಗೆ. ಮನೆಗೆ ಬಂದು ಸೊಸೆ ತರಕಾರಿ ಹೆಚ್ಚಲು ಕುಳಿತಳು. ಹುರುಳಿಕಾಯಿಯನ್ನು ನಾರು ತೆಗೆಯದೆಯೇ ಹೆಚ್ಚಿದಳು. “ಅತ್ತೆ, ಗೋದಾಮಿನಲ್ಲಿ ಕಿಟಕಿ ಇರುತ್ತಾ?” ಎಂದು ಮಾತ್ರ ಕೇಳಿದಳು. ನನ್ನ ಮಗರಾಯ, “ಕ್ಷಮಾಪಣೆ ಬರ್ಕೊಡೇ, ಮುಗೀತು” ಎಂದು ಬುದ್ಧಿ ಹೇಳಲು ಬಂದವನು, “ಯಾವ ತಪ್ಪಿಗೆ ಅಂತ ಬರೀಲಿ? ಅದನ್ನ ಅವರಿಗೇ ಬರೆಯೋಕೆ ಬರ್ತಿಲ್ಲ” ಎಂದು ಅವಳು ತಲೆಯೆತ್ತಿ ಕೇಳಿದಾಗ ನೀರು ಕುಡಿಯುವ ನೆಪದಲ್ಲಿ ಜಾರಿಕೊಂಡ.

ನಿನ್ನೆ ಸಂಜೆ ಯಾಕಮ್ಮ ತನ್ನ ತಾಯಿಯ ಜೊತೆ ನಮ್ಮ ಮನೆಗೆ ಬಂದಿದ್ದಳು. ತಾಯಿ ಸಂಜೆ ಹಾಡುವವರ ಕಡೆಯವಳು; ನಾವು ಬೆಳಗಿನ ಗಂಟೆಯವರು. ಇದನ್ನು ಇಲ್ಲಿ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ, ತಮ್ಮ ಸುತ್ತೋಲೆಯಲ್ಲಿ ನೋಯಬಹುದಾದವರು ಎಂದು ಹೇಳಿರುವುದು ನಮ್ಮಿಬ್ಬರನ್ನೇ ಆದ್ದರಿಂದ ಬರೆದೆ. “ಇವಳು ಬಾಯಿ ಮುಚ್ಕೊಂಡಿದ್ರೆ ಮಿಸ್‌ಗೆ ಹೀಗಾಗ್ತಿರಲಿಲ್ಲ ಕಣಮ್ಮ” ಎಂದು ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದಳು. ಕುಡಿಯಲು ಹಾಲು ಕೊಟ್ಟೆ, ಕುಡಿದಳು. ಸಕ್ಕರೆ ಸಾಕೇ ಎಂದೆ, ತಲೆಯಾಡಿಸಿದಳು. ನಮ್ಮ ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದಿದೆ, ಬಂದವರೆಲ್ಲ ಅದನ್ನು ಕೇಳಿಯೇ ಕೇಳುತ್ತಾರೆ. ಅವಳು ಅದನ್ನು ದಿಟ್ಟಿಸಿ ನೋಡಿದಳು, ಕೇಳಲಿಲ್ಲ. ತಮ್ಮ ಸಮಿತಿ ಸಾಧಿಸಬೇಕೆಂದಿದ್ದದ್ದು ಇದೇ ಆಗಿದ್ದರೆ, ಮಾನ್ಯರೇ, ಸಾಧಿಸಿದ್ದೀರಿ.

ಆದ್ದರಿಂದ ನನ್ನ ವಿನಂತಿಗಳು. ಕೆಲಸವನ್ನು ಅರ್ಧಕ್ಕೆ ಬಿಡುವುದು ತಮ್ಮಂಥವರಿಗೆ ಶೋಭೆಯಲ್ಲ. ದಯವಿಟ್ಟು ಕಂಬದ ಮನೆಯ ಅಳತೆಗೆ ಸರಿಹೊಂದುವ ಬೀರುವೊಂದನ್ನು ಮಾಡಿಸಿ, ಇಡೀ ಕಟ್ಟಡವನ್ನು ಅದರೊಳಗಿಟ್ಟು ಬೀಗ ಹಾಕಿಸಿ, ಬೀಗದ ಕೈಯನ್ನು ಇಲಾಖೆಯ ಪದ್ಧತಿಯಂತೆ ಕಳೆದುಹಾಕಿ. ಗಂಟೆಗೂ ಹಾಡಿಗೂ ಶಾಲೆಯ ಅವಧಿಯಲ್ಲಿ ಸದ್ದು ಮಾಡದೆ ಮೊಳಗುವಂತೆ ಆದೇಶ ಕಳುಹಿಸಿ. ಸತ್ತ ಅರಸರಿಬ್ಬರನ್ನೂ ಕರೆಸಿ, ಯುದ್ಧಕ್ಕೆ ಯಾರಿಗೂ ನೋವಾಗದ ಕಾರಣವೊಂದನ್ನು ಮೂರು ಪ್ರತಿಗಳಲ್ಲಿ ಬರೆಸಿಕೊಳ್ಳಿ. ಕಂಬದ ವಿಷಯ ಬರೆದ ಹುಡುಗ ಅವರಿಗೆ ಸಹಾಯ ಮಾಡಬಲ್ಲ. ಶಾಲೆಯ ರಜಾಪಟ್ಟಿಯ ಮೇಲೆ ಮಾತ್ರ ಒಂದೂ ಚೀಟಿ ಬಿದ್ದಿಲ್ಲವೆಂಬುದನ್ನು ಗಮನಿಸಿದ್ದೇನೆ. ಎಲ್ಲ ಧರ್ಮದವರ ರಜೆಗಳನ್ನೂ ತಾವೂ ತಮ್ಮ ಸಿಬ್ಬಂದಿಯೂ ಇತರ ಕಾರಣಗಳಿಗಾಗಿ ಮನೆಯಲ್ಲಿ ಮಲಗಿ ಆಚರಿಸುವುದನ್ನು ಮುಂದುವರಿಸಬಹುದು, ನನ್ನ ಅಡ್ಡಿಯಿಲ್ಲ.

ಇವೆಲ್ಲ ಕಷ್ಟವೆನಿಸಿದರೆ ಒಂದು ಸುಲಭದ ಕೆಲಸವಿದೆ. ಶುಕ್ರವಾರಕ್ಕೆ ಮೊದಲು, ಇದೇ ಪತ್ರಿಕೆಯಲ್ಲಿ, ತಮ್ಮ ಸಹಿ ಹಾಕಿ, ಹನ್ನೆರಡು ವರ್ಷದ ಮಗುವಿಗೆ ತಿಳಿಯುವ ಹಾಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಿರಿ: ಆ ಬಾಗಿಲನ್ನು ಯಾಕೆ ಮುಚ್ಚಿದರು? ತಾವು ನಿಷೇಧಿಸಿದ ಪದಗಳಲ್ಲಿ ಒಂದನ್ನೂ ಮುಟ್ಟದೆ, ಸುಳ್ಳನ್ನೂ ಹೇಳದೆ, ಆ ವಾಕ್ಯ ಬರೆಯಲು ತಮ್ಮಿಂದಾದರೆ ನನ್ನ ಸೊಸೆ ತಾನಾಗಿಯೇ ಗೋದಾಮಿಗೆ ಹೋಗುತ್ತಾಳೆ, ಊಟದ ಡಬ್ಬಿಯನ್ನು ನಾನೇ ಕಟ್ಟಿಕೊಡುತ್ತೇನೆ. ಆಗದಿದ್ದರೆ, ಶನಿವಾರ ಮೊದಲನೆಯ ಪೀರಿಯಡ್ಡಿಗೆ ಅವಳು ಏಳನೆಯ ತರಗತಿಯಲ್ಲಿರಬೇಕು. ಉತ್ತರ ಊರವರೆಲ್ಲರ ಎದುರಿಗೆ ಬರಲಿ. ಖಾಸಗಿಯಾಗಿ ಕಳುಹಿಸಿದ ಲಕೋಟೆಯನ್ನು ಒಡೆಯದೆ ವಾಪಸ್ಸು ಮಾಡಲಾಗುವುದು.

ಬೆಳಕಿಗೆ ಅಡ್ಡ ಬಾರದ,
ತಮ್ಮ ವಿಶ್ವಾಸಿ,
ಅಮಾನತಾದ ಶಿಕ್ಷಕಿಯ ಅತ್ತೆ

ಮರೆತ ಮಾತು: ಶುಕ್ರವಾರದ ವಿಚಾರಣೆಯ ಕಾರ್ಯಸೂಚಿ ಈಗಷ್ಟೇ ಕೈಸೇರಿತು. ಅದರ ಮೊದಲನೆಯ ಸಾಲು: ‘ಹತ್ತು ಗಂಟೆಗೆ ಪ್ರಾರ್ಥನೆ’. ಯಾವ ಕಡೆಯದು ಎಂದು ಮೊದಲೇ ತಿಳಿಸಿದರೆ ಸೊಸೆ ಅದನ್ನೂ ಕಲಿತು ಬರುತ್ತಾಳೆ. ಯಾಕೆ ಎಂದು ಮಾತ್ರ ಅವಳು ಕೇಳುವುದಿಲ್ಲ, ನಾನು ಕೇಳುತ್ತೇನೆ.